ಹೊಸೂರು ಸೀಮೆಯ ಒಂದು ಅರಳಿಕಟ್ಟೆ

ಕಳೆದ ವೈಶಾಖ ಮಾಸದಲ್ಲಿ ಕೃಷ್ಣಗಿರಿಯಲ್ಲಿ ನಮ್ಮ ಹತ್ತಿರದ ಬಂಧುಗಳ ಮನೆಯಲ್ಲಿ ಮದುವೆಯಿತ್ತು. ಬೆಂಗಳೂರಿನಿಂದ ಹೊಸೂರಿಗೆ ಸುಮಾರು 40 ಕಿಲೋಮೀಟರ್, ಅಲ್ಲಿಂದ ಕೃಷ್ಣಗಿರಿಗೆ ಮತ್ತೆ 50 ಕಿಲೋಮೀಟರ್. ಇಂದಿನ ರಸ್ತೆಯಲ್ಲಿ ಇದೇನೂ ದೂರದ ಪ್ರಯಾಣವಲ್ಲ. ಆದರೂ ನಾವು ಮದುವೆಯ ಹಿಂದಿನ ದಿನವೇ, ಬೆಳಗಿನ ತಿಂಡಿ ಮುಗಿಸಿದ ಕೂಡಲೆ, ಸೋಸಿ ಕಾಯಿಸಿದ ನೀರಿನ ಕ್ಯಾನು ಮತ್ತು ಚಪಾತಿಯ ಡಬ್ಬಿ ಸಮೇತ ಹೊರಟುಬಿಟ್ಟೆವು. ಅದಕ್ಕೆ ಕಾರಣ ನಮ್ಮ ತಂದೆಯವರು.

84 ವರ್ಷದ ತಂದೆಯವರು ತಮಗಾಗಿ ಏನನ್ನೂ ಕೇಳುವವರಲ್ಲ. ಈ ಸಲ ಮಾತ್ರ, "ಹೇಗೂ ಆ ದಾರೀಲೇ ಹೋಗ್ತೀರಿ. ನಾನು ಮೇಷ್ಟರಾಗಿದ್ದ ಊರಿನ ಕಟ್ಟೆ ಮೇಲೆ ಒಂದು ಗಳಿಗೆ ಕೂತು ಹೋಗೋಣ" ಎಂದರು. ಕೈಯಲ್ಲಿ ಒಂದು ಬಟ್ಟೆ ಚೀಲ. ಅದರೊಳಗೆ ಏನಿದೆ ಎಂದು ಮೊಮ್ಮಕ್ಕಳು ಕೇಳಿದರೆ, "ಆಮೇಲೆ ನೋಡುವಿರಂತೆ" ಎಂದು ನಕ್ಕರು.

ಅವರು 1963ರಿಂದ 1971ರವರೆಗೆ ಹೊಸೂರು ಸೀಮೆಯ ಒಂದು ಹಳ್ಳಿಯಲ್ಲಿ ಕನ್ನಡ ಶಾಲೆಯ ಉಪಾಧ್ಯಾಯರಾಗಿದ್ದರು. ಸೇರಿದಾಗ ಅದು ಮದರಾಸು ರಾಜ್ಯದ ಸೇಲಂ ಜಿಲ್ಲೆ. 1965ರಲ್ಲಿ ಧರ್ಮಪುರಿ ಜಿಲ್ಲೆಯಾಯಿತು. 1969ರಲ್ಲಿ ರಾಜ್ಯದ ಹೆಸರು ತಮಿಳುನಾಡು ಎಂದಾಯಿತು. 2004ರ ಫೆಬ್ರವರಿಯಲ್ಲಿ ಕೃಷ್ಣಗಿರಿಯೇ ಬೇರೆ ಜಿಲ್ಲೆಯಾದಾಗ ಆ ಹಳ್ಳಿ ಅದಕ್ಕೆ ಸೇರಿತು. "ಊರು ಇದ್ದಲ್ಲೇ ಇತ್ತು, ಕಾಗದದ ಮೇಲಿನ ವಿಳಾಸ ಮಾತ್ರ ಬದಲಾಗ್ತಾ ಬಂತು" ಎಂದು ತಂದೆಯವರು ಆಗಾಗ ಹೇಳುವುದುಂಟು.

ಹೊಸೂರಿನಲ್ಲಿ

ಅತ್ತಿಬೆಲೆಯಲ್ಲಿ ರಾಜ್ಯದ ಗಡಿ ದಾಟಿದರೆ ಹೊಸೂರು. ಸಮುದ್ರಮಟ್ಟದಿಂದ ಸುಮಾರು 2900 ಅಡಿ ಎತ್ತರದಲ್ಲಿರುವುದರಿಂದ ಹವೆ ಬೆಂಗಳೂರಿನ ಹಾಗೆಯೇ ತಂಪು. ಒಂದು ಕಾಲದ ಸಣ್ಣ ತಾಲೂಕು ಕೇಂದ್ರ ಇಂದು ಗಡಿಯಾರ, ಲಾರಿ, ಮೋಟಾರು ಸೈಕಲ್ ಕಾರ್ಖಾನೆಗಳ ಊರಾಗಿ, 2019ರಲ್ಲಿ ಮಹಾನಗರಪಾಲಿಕೆಯೂ ಆಗಿದೆ. ಬೆಟ್ಟದ ಮೇಲಿನ ಚಂದ್ರಚೂಡೇಶ್ವರ ದೇವಸ್ಥಾನ ದೂರಕ್ಕೇ ಕಾಣುತ್ತದೆ. ಬೆಟ್ಟದ ಕೆಳಗಿನ ಪೇಟೆಗೆ ತೇರುಪೇಟೆಯೆಂದೇ ಹೆಸರು. ಫಾಲ್ಗುಣದ ತೇರಿಗೆ ಕರ್ನಾಟಕದಿಂದಲೂ ಆಂಧ್ರದಿಂದಲೂ ಜನ ಬಂದು ಸೇರುತ್ತಾರೆ. ಹೂವಿನ ಅಂಗಡಿಯಾಕೆ ನಮ್ಮೊಡನೆ ಕನ್ನಡದಲ್ಲಿ ಮಾತಾಡಿ, ಪಕ್ಕದವರಿಗೆ ತೆಲುಗಿನಲ್ಲಿ ಚಿಲ್ಲರೆ ಕೇಳಿ, ಮಗನನ್ನು ತಮಿಳಿನಲ್ಲಿ ಗದರಿದಳು. ಮೂರು ಭಾಷೆಯೂ ಒಂದೇ ಉಸಿರಿನಲ್ಲಿ!

ಹೊಸೂರಿನಿಂದ ಸ್ವಲ್ಪ ದೂರದಲ್ಲೇ ತೊರಪಳ್ಳಿ ಇದೆ. ಸ್ವತಂತ್ರ ಭಾರತದ ಗವರ್ನರ್ ಜನರಲ್ ಆಗಿದ್ದ ರಾಜಾಜಿಯವರು 1878ರ ಡಿಸೆಂಬರ್ 10ರಂದು ಹುಟ್ಟಿದ ಹಳ್ಳಿ ಅದು. ಅವರ ಮನೆಯನ್ನು ಸ್ಮಾರಕವಾಗಿ ಉಳಿಸಿದ್ದಾರೆ. ಮಕ್ಕಳನ್ನು ಕರೆದುಕೊಂಡು ಹೋಗುವವರು ಅರ್ಧ ಗಂಟೆ ಬಿಡುವು ಮಾಡಿಕೊಂಡು ಅದನ್ನು ನೋಡಬಹುದು.

ಮೊದಲು ಏಳನೆಯ ನಂಬರಿನ ರಾಷ್ಟ್ರೀಯ ಹೆದ್ದಾರಿಯಾಗಿದ್ದ ಈ ರಸ್ತೆಗೆ ಈಗ 44ನೆಯ ನಂಬರು. ತಂದೆಯವರು ಕಿಟಕಿಯ ಪಕ್ಕ ಕೂತು ಏನನ್ನೋ ಹುಡುಕುತ್ತಿದ್ದರು. "ಇಲ್ಲೆಲ್ಲ ಎರಡು ಕಡೇನೂ ಹುಣಸೆ ಮರ. ಸೈಕಲ್ಲಲ್ಲಿ ಬಂದರೆ ತಲೆಗೆ ಬಿಸಿಲು ಬೀಳ್ತಿರಲಿಲ್ಲ" ಎಂದರು. ಈಗ ರಸ್ತೆ ಅಗಲವಾಗಿದೆ, ಕಾರು ಬೇಗ ಹೋಗುತ್ತದೆ. ಅಲ್ಲಿ ನಡೆದು ಹೋಗುವವರು ನಮಗೆ ಒಬ್ಬರೂ ಕಾಣಲಿಲ್ಲ.

ಕಟ್ಟೆಯ ಮೇಲೆ

ಶೂಳಗಿರಿ ಇನ್ನೂ ಮುಂದಿರುವಾಗಲೇ ಹೆದ್ದಾರಿ ಬಿಟ್ಟು ಒಳದಾರಿಗೆ ತಿರುಗಿದೆವು. ಊರಿನ ಹೆಸರನ್ನು ಇಲ್ಲಿ ಬರೆದಿಲ್ಲ. ಹಾಗೆ ಬರೆಯಬೇಡಿರೆಂದು ಅಲ್ಲಿಯವರೇ ಕೇಳಿಕೊಂಡರು. ಕಾರಣ ಮುಂದೆ ತಿಳಿಯುತ್ತದೆ.

ಊರ ನಡುವೆ ನಾಲ್ಕು ದಾರಿ ಕೂಡುವ ಕಡೆ ಆ ಕಟ್ಟೆಯಿದೆ. ಸೊಂಟದೆತ್ತರಕ್ಕೆ ಕಾಡುಗಲ್ಲು ಕಟ್ಟಿ, ಒಳಗೆ ಮಣ್ಣು ತುಂಬಿ, ಮೇಲೆ ಚಪ್ಪಡಿ ಹಾಸಿದ್ದಾರೆ. ನಡುವೆ ಅರಳಿ, ಅದರ ಮೈಗೆ ಹೆಣೆದುಕೊಂಡೇ ಬೆಳೆದ ಬೇವು. ನಮ್ಮ ಹಿಂದಿನವರು ಇವೆರಡನ್ನೂ ಜೊತೆಗೆ ನೆಟ್ಟು ಮದುವೆ ಮಾಡುತ್ತಿದ್ದರು. ಬುಡದಲ್ಲಿ ಅರಿಶಿನ ಕುಂಕುಮ ಹಚ್ಚಿದ ನಾಗರಕಲ್ಲುಗಳ ಸಾಲು. ಒಂದು ಬದಿಗೆ ಬಸ್ಸು ನಿಲ್ಲುತ್ತದೆ, ಇನ್ನೊಂದು ಬದಿಗೆ ಹಾಲಿನ ಕ್ಯಾನುಗಳು ಬಂದು ಕೂರುತ್ತವೆ. ಪಂಚಾಯಿತಿ, ಜಗಳ, ರಾಜಿ, ಹೆಣ್ಣು ನೋಡುವ ಮಾತುಕತೆ, ಸುಮ್ಮನೆ ಕೂತು ಹೊತ್ತು ಕಳೆಯುವುದು, ಎಲ್ಲವೂ ಇಲ್ಲಿಯೇ.

ಹೊರಗೆ ಬಿಸಿಲು ಸುಡುತ್ತಿತ್ತು. ಚಪ್ಪಡಿ ಮಾತ್ರ ತಣ್ಣಗಿತ್ತು. ಗಾಳಿಯೇ ಇಲ್ಲವೆನ್ನುವಾಗಲೂ ಅರಳಿಯ ಎಲೆ ಅಲುಗುತ್ತಿರುತ್ತದೆ. ಎಲೆಯ ತೊಟ್ಟು ಉದ್ದವಾಗಿ ತೆಳ್ಳಗಿರುವುದೇ ಅದಕ್ಕೆ ಕಾರಣ. ಮೇಲೆ ಕುಟ್ರು ಹಕ್ಕಿ, ಗೊರವಂಕ, ಕೋಗಿಲೆಗಳು ಸಣ್ಣ ಸಣ್ಣ ಹಣ್ಣನ್ನು ತಿಂದು ಕೆಳಗೆ ಉದುರಿಸುತ್ತಿದ್ದವು. ನಮ್ಮ ಪುಟ್ಟ ಮೊಮ್ಮಗಳು ಒಂದು ಹಣ್ಣನ್ನು ಎತ್ತಿಕೊಂಡು, "ಅಜ್ಜೀ, ಇದನ್ನು ನಾವು ಯಾಕೆ ತಿನ್ನಬಾರದು?" ಎಂದು ಕೇಳಿದಳು.

ಓದುಗರಿಗೆ ಇದು ತಿಳಿದದ್ದೇ. ಶ್ರಾವಕನ ಅಷ್ಟ ಮೂಲಗುಣಗಳನ್ನು ಹೇಳುವಾಗ ಹಲವು ಆಚಾರ್ಯರು ಮದ್ಯ, ಮಾಂಸ, ಮಧುಗಳ ಜೊತೆಗೆ ಪಂಚೋದುಂಬರಗಳ ತ್ಯಾಗವನ್ನೂ ಹೇಳಿದ್ದಾರೆ. ಆಲ, ಅರಳಿ, ಅತ್ತಿ, ಬಸರಿ, ಕಾಡತ್ತಿಗಳ ಹಣ್ಣಿನೊಳಗೆ ತ್ರಸಜೀವಿಗಳಿರುತ್ತವೆ ಎಂಬುದೇ ಕಾರಣ. ಇಂದಿನ ಸಸ್ಯಶಾಸ್ತ್ರವೂ ಇದನ್ನೇ ವಿವರಿಸುತ್ತದೆ. ಈ ಮರಗಳ ಹೂವು ಹಣ್ಣಿನಂತೆ ಕಾಣುವ ಆ ಬುರುಡೆಯ ಒಳಗೇ ಇರುತ್ತದೆ. ತೀರ ಸಣ್ಣ ಕಣಜವೊಂದು ಒಳಗೆ ಹೊಕ್ಕು, ಪರಾಗವನ್ನು ತಲುಪಿಸಿ, ಅಲ್ಲೇ ಮೊಟ್ಟೆಯಿಡುತ್ತದೆ. ಅರಳಿಗೆ ಅರಳಿಯದೇ ಕಣಜ, ಆಲಕ್ಕೆ ಆಲದ್ದೇ ಕಣಜ. ಹೀಗೆ ಈ ಮರ ಜನರಿಗೆ ಕೊಡುವುದು ನೆರಳು ಮಾತ್ರ, ಹಣ್ಣು ಹಕ್ಕಿಗಳ ಪಾಲು. ಆದಿನಾಥ ಸ್ವಾಮಿಗೆ ಕೇವಲಜ್ಞಾನವಾದದ್ದು ಇದೇ ಜಾತಿಯ ಆಲದ ಮರದಡಿಯಲ್ಲಿ ಎಂದು ನಮ್ಮ ಪುರಾಣಗಳು ಹೇಳುತ್ತವೆ. ಇಷ್ಟು ಹೇಳಿದ ಮೇಲೆ ಮೊಮ್ಮಗಳು ಆ ಹಣ್ಣನ್ನು ಮೆಲ್ಲನೆ ಬೇರಿನ ಸಂದಿಯಲ್ಲಿಟ್ಟಳು.

ಕೆಂಪು ಬಣ್ಣದ ಗುರುತು

ಅಷ್ಟರಲ್ಲಿ ಎದುರುಗಡೆಯ ಅಂಗಡಿಯಿಂದ ಹಿರಿಯರೊಬ್ಬರು ದಾಟಿ ಬಂದು, ಹಣೆಗೆ ಕೈಯಡ್ಡ ಹಿಡಿದು ನೋಡಿ, "ಮೇಷ್ಟ್ರಾ? ನಮ್ಮ ಮೇಷ್ಟ್ರೇನಾ?" ಎಂದು ಕೂಗಿಬಿಟ್ಟರು. ತಂದೆಯವರ ಕಾಲು ಮುಟ್ಟಿ ಎದ್ದಾಗ ಇಬ್ಬರ ಕಣ್ಣೂ ಒದ್ದೆಯಾಗಿತ್ತು. ಅವರಿಗೂ ಈಗ 68. ತಂದೆಯವರ ಹತ್ತಿರ ಅಕ್ಷರ ಕಲಿತವರು. ಅವರ ಮೊಮ್ಮಕ್ಕಳು ಮನೆಯಲ್ಲಿ ಕನ್ನಡ ಆಡುತ್ತಾರೆ, ಓದಲು ಬಾರದು. "ನಾವು ಇಲ್ಲೇ ತಾನೇ ಮೇಷ್ಟ್ರೇ, ಸ್ಲೇಟು ಹಿಡಿದು ಕೂರ್ತಾ ಇದ್ದದ್ದು. ಮಳೆ ಬಂದರೆ ಗುಡೀಗೆ ಓಡೋದು" ಎಂದು ಅವರು ನೆನೆಸಿಕೊಂಡರು.

ಆಮೇಲೆ ಅವರು ಮರದ ಇನ್ನೊಂದು ಬದಿಗೆ ನಮ್ಮನ್ನು ಕರೆದುಕೊಂಡು ಹೋದರು. ಅಲ್ಲಿ ತೊಗಟೆಯ ಮೇಲೆ ಕೆಂಪು ಬಣ್ಣದಲ್ಲಿ ಒಂದು ಸಂಖ್ಯೆ ಬರೆದಿತ್ತು.

ರಸ್ತೆ ಅಗಲವಾಗಬೇಕಂತೆ. ಅಳತೆಯ ದಾರ ಕಟ್ಟೆಯ ನಡುವೆಯೇ ಹೋಗುತ್ತದೆ. ಊರಿನವರು ಅರ್ಜಿ ಬರೆದಿದ್ದಾರೆ. ಬಂದ ಪ್ರಶ್ನೆ ಒಂದೇ: ಈ ಕಟ್ಟೆ ಹಳೆಯದು, ಊರಿಗೆ ಸೇರಿದ್ದು ಎನ್ನುವುದಕ್ಕೆ ಏನು ದಾಖಲೆ?

ಇಲ್ಲಿ ಸ್ವಲ್ಪ ಹಿಂದಿನ ಕಥೆ ಹೇಳಬೇಕು. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಸುಲ್ತಾನ್ ಬಾರಾಮಹಲ್ ಸೀಮೆಯನ್ನು, ಎಂದರೆ ಕೃಷ್ಣಗಿರಿಯ ಸುತ್ತಲಿನ ಪ್ರದೇಶವನ್ನು, ಇಂಗ್ಲಿಷರಿಗೆ ಬಿಟ್ಟುಕೊಡಬೇಕಾಯಿತು. ಘಟ್ಟದ ಮೇಲಿನ ಹೊಸೂರು ಭಾಗ 1799ರಲ್ಲಿ ಅವರ ಕೈಗೆ ಬಂತು. ಅಲೆಕ್ಸಾಂಡರ್ ರೀಡ್ ಮತ್ತು ಥಾಮಸ್ ಮನ್ರೋ ಜಮೀನನ್ನು ಅಳೆದು, ರೈತನ ಹೆಸರಿನಲ್ಲೇ ಕಂದಾಯ ನಿಗದಿ ಮಾಡುವ ರಯತವಾರಿ ಪದ್ಧತಿಗೆ ಬುನಾದಿ ಹಾಕಿದ್ದು ಈ ಬಾರಾಮಹಲ್‌ನಲ್ಲಿಯೇ. ಕಂದಾಯ ಕೊಡುವ ಹೊಲಕ್ಕೆಲ್ಲ ಒಬ್ಬೊಬ್ಬ ಒಡೆಯನ ಹೆಸರು ಬಂತು. ದಾರಿ, ಕೆರೆ, ಸ್ಮಶಾನ, ಗುಂಡುತೋಪು, ಕಟ್ಟೆ ಇವೆಲ್ಲ ಲೆಕ್ಕದ ಹೊರಗೆ ಉಳಿದವು. ಅಂಥ ನೆಲಕ್ಕೆ ತಮಿಳು ಸೀಮೆಯಲ್ಲಿ ಪೊರಂಬೋಕು ಎಂದು ಹೆಸರು. ಎಲ್ಲರಿಗೂ ಸೇರಿದ ನೆಲ ಎಂಬುದು ಅದರ ಸಾರ. ಕಾಲಾಂತರದಲ್ಲಿ ಆ ಮಾತೇ ಬೈಗುಳವಾಯಿತು. ಕೆಲಸಕ್ಕೆ ಬಾರದವನನ್ನು ಇಂದು ಅಲ್ಲಿ ಪೊರಂಬೋಕು ಎಂದು ಜರೆಯುತ್ತಾರೆ. ಎಲ್ಲರದೂ ಆದದ್ದು ಯಾರದೂ ಅಲ್ಲದ್ದಾಗಿ, ಕೊನೆಗೆ ಬೆಲೆಯೇ ಇಲ್ಲದ್ದಾಗುವುದಕ್ಕೆ ಇದಕ್ಕಿಂತ ಉದಾಹರಣೆ ಬೇಕೆ?

ಕಟ್ಟೆ ಉಳಿಯಬೇಕಾದರೆ ರಸ್ತೆ ಎದುರು ಬದಿಗೆ ಆರು ಅಡಿ ಸರಿಯಬೇಕು. ಎದುರು ಬದಿಯಲ್ಲಿರುವುದು ಇದೇ ಶಿಷ್ಯರ ಅಂಗಡಿ! ಅರ್ಜಿಗೆ ಮೊದಲು ಸಹಿ ಹಾಕಿದವರು ಅವರೇ. "ಜಗಲಿ ಮತ್ತೆ ಕಟ್ಟಬಹುದು ಮೇಷ್ಟ್ರೇ" ಎಂದರು. ಹಿಂದೆ ನಿಂತಿದ್ದ ಅವರ ಮಗನಿಗೆ ಈ ಮಾತು ಹಿಡಿಸಲಿಲ್ಲ. "ನೆರಳು ಬೇಕು ಅಂತ ಎಲ್ಲರೂ ಹೇಳ್ತಾರೆ ಸಾರ್. ಅಂಗಡಿ ಮುಂಭಾಗ ಹೋದರೆ ನಮ್ಮ ಮನೆಗೆ ಅಕ್ಕಿ ಯಾರು ತಂದು ಹಾಕ್ತಾರೆ?" ಎಂದ. ಅವನ ಮಾತಿನಲ್ಲೂ ತಪ್ಪಿರಲಿಲ್ಲ. ನಾವು ಒಂದು ದಿನ ಬಂದು ಹೋಗುವವರು, ಏನೆಂದು ಹೇಳೋಣ? ತಂದೆಯವರೂ ಬುದ್ಧಿವಾದ ಹೇಳಲು ಹೋಗಲಿಲ್ಲ. ಬಟ್ಟೆ ಚೀಲವನ್ನು ಬಿಚ್ಚಿದರು.

ಒಳಗಿದ್ದದ್ದು ರಟ್ಟಿಗೆ ಅಂಟಿಸಿದ ಒಂದು ಫೋಟೋ. ಕಟ್ಟೆಯ ಮೇಲೆ ಮೂರು ಸಾಲು ಮಕ್ಕಳು, ಹಿಂದೆ ಅರಳಿ ಬೇವು ಎರಡೂ ಮರ, ಬುಡದಲ್ಲಿ ನಾಗರಕಲ್ಲು. ಮುಂದಿನ ಸಾಲಿನ ಹುಡುಗ ಹಿಡಿದ ಸ್ಲೇಟಿನ ಮೇಲೆ ಸುಣ್ಣದಕಡ್ಡಿಯಲ್ಲಿ ಊರಿನ ಹೆಸರು ಮತ್ತು 1966. ಎರಡನೆಯ ಸಾಲಿನಲ್ಲಿ ತಲೆ ಕೆರೆದುಕೊಳ್ಳುತ್ತಿರುವವನೇ ಇಂದಿನ ಅಂಗಡಿಯ ಯಜಮಾನರು. ಒಂದು ಅಂಚಿನಲ್ಲಿ, ನಮ್ಮ ಅಕ್ಕನನ್ನು ಸೊಂಟದ ಮೇಲೆತ್ತಿಕೊಂಡು ನಿಂತಿರುವವರು ನಮ್ಮ ತಾಯಿ. ಆ ವಯಸ್ಸಿನ ತಾಯಿಯವರ ಚಿತ್ರ ನಮ್ಮ ಮನೆಯಲ್ಲಿ ಇದೊಂದೇ. ಅವರು ತೀರಿಕೊಂಡು ಹದಿನಾರು ವರ್ಷವಾಯಿತು.

ಸೊಸೆ ಮೊಬೈಲಿನಲ್ಲಿ ಅದರ ಚಿತ್ರ ತೆಗೆದಳು. ಆದರೆ ಅರ್ಜಿಯ ವಿಚಾರಣೆಗೆ ಮೂಲವನ್ನೇ ತೋರಿಸಬೇಕಾಗಬಹುದು ಎಂದರು ಶಿಷ್ಯರು. ನಾವೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಕಳೆದು ಹೋದರೆ? ತಂದೆಯವರು ಫೋಟೋವನ್ನು ಇನ್ನೊಮ್ಮೆ ಹತ್ತಿರ ಹಿಡಿದು ನೋಡಿ, ಅದೇ ಚೀಲದಲ್ಲಿಟ್ಟು, ಶಿಷ್ಯರ ಕೈಗೆ ಕೊಟ್ಟರು. "ಅವಳೂ ಸಾಕ್ಷಿ ಹೇಳಲಿ" ಎಂದರು, ಅಷ್ಟೇ.

ದೂರದ ಒಂದು ಕಟ್ಟೆ

ಮಾತು ಭಾರವಾದದ್ದನ್ನು ಕಂಡು ನಮ್ಮ ಅಕ್ಕನ ಮಗ ತನ್ನ ಮೊಬೈಲನ್ನು ಮುಂದೆ ಹಿಡಿದ. ಕೆಲಸದ ಮೇಲೆ ಸ್ಪೇನ್ ದೇಶಕ್ಕೆ ಹೋಗಿ ಬಂದವನು. ಅಲ್ಲಿಯ ಸೆವಿಲ್ ನಗರದಲ್ಲಿ ಅಲಮೇದ ದೆ ಎರ್ಕುಲೆಸ್ ಎಂಬ ಚೌಕವಿದೆ. ಅಲಾಮೊ ಎಂದರೆ ಅವರ ಭಾಷೆಯಲ್ಲಿ ಪಾಪ್ಲರ್ ಜಾತಿಯ ಮರ, ಅಲಮೇದ ಎಂದರೆ ಆ ಮರಗಳ ಸಾಲಿರುವ ಜಾಗ. ನಮ್ಮ ಅರಳಿಕಟ್ಟೆಯಂತೆ ಅದಕ್ಕೂ ಮರದಿಂದಲೇ ಹೆಸರು. ಮೊದಲು ಅಲ್ಲಿ ನೀರು ನಿಂತು ಕೊಳೆಯುವ ಜೌಗಿತ್ತು. 1574ರಲ್ಲಿ ನಗರದ ಆಡಳಿತ ನಡೆಸುತ್ತಿದ್ದ ಬರಾಹಾಸ್ ಕೌಂಟ್ ಎಂಬುವರು ಕಾಲುವೆ ತೋಡಿಸಿ ಜೌಗನ್ನು ಬತ್ತಿಸಿ, ಸಾಲಾಗಿ ಮರ ನೆಡಿಸಿದರು. ರೋಮನ್ನರ ಕಾಲದ ಎರಡು ಹಳೆಯ ಕಂಬಗಳನ್ನು ತರಿಸಿ ನಿಲ್ಲಿಸಿ, ಮೇಲೆ ಹರ್ಕ್ಯುಲಿಸ್ ಮತ್ತು ಜೂಲಿಯಸ್ ಸೀಸರನ ಪ್ರತಿಮೆಗಳನ್ನು ಇರಿಸಿದರು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರು ಅದು. ಬಿಸಿಲಿಳಿದ ಮೇಲೆ ಇಂದಿಗೂ ಮುದುಕರು, ಮಕ್ಕಳು, ತಾಯಂದಿರೆಲ್ಲ ಆ ಮರಗಳಡಿ ಬಂದು ಸೇರುತ್ತಾರೆ. ಸಾರ್ವಜನಿಕರಿಗಾಗಿ ಮಾಡಿದ ಉದ್ಯಾನಗಳಲ್ಲಿ ಯುರೋಪಿನಲ್ಲೇ ಅತಿ ಹಳೆಯವುಗಳ ಸಾಲಿಗೆ ಅದು ಸೇರುತ್ತದೆ.

ಶಿಷ್ಯರು ಫೋಟೋ ನೋಡಿ ಕೇಳಿದ್ದು ಒಂದೇ ಪ್ರಶ್ನೆ: "ಅಲ್ಲಿ ಕೂರೋಕೆ ದುಡ್ಡು ಕೊಡಬೇಕಾ?"

ಕಾಫಿ ಕುಡಿಯುವುದಾದರೆ ಕೊಡಬೇಕು, ಬೆಂಚಿನ ಮೇಲೆ ಕೂರುವುದಕ್ಕೆ ಏನೂ ಕೊಡಬೇಕಿಲ್ಲ ಎಂದ ಹುಡುಗ. "ಹಾಗಾದ್ರೆ ಅದೂ ಕಟ್ಟೇನೇ ಬಿಡಿ" ಎಂದು ಅವರು ತೀರ್ಪು ಕೊಟ್ಟರು. ಅಪ್ಪನ ಮೇಲೆ ಮುನಿಸಿಕೊಂಡಿದ್ದ ಮಗನೂ ಸ್ವಲ್ಪ ನಕ್ಕ.

ಹೆಸರಿಲ್ಲದ ದಾನ

ಶೂಳಗಿರಿ ದಾಟಿ ಇಳಿಯುತ್ತಿದ್ದಂತೆ ಸೆಕೆ ಹೆಚ್ಚಾಯಿತು. ಇಕ್ಕೆಲದಲ್ಲೂ ಮಾವಿನ ತೋಟಗಳು, ರಸ್ತೆಯ ಬದಿಯಲ್ಲಿ ತೋತಾಪುರಿಯ ರಾಶಿಗಳು. ಕೃಷ್ಣಗಿರಿಯನ್ನು ತಲುಪಿ ಸೂರ್ಯಾಸ್ತದೊಳಗೆ ಊಟ ಮುಗಿಸಿದೆವು.

ಮದುವೆ ಮನೆಯಲ್ಲಿ ಹಿರಿಯರೊಬ್ಬರು ಧರ್ಮಪುರಿಯ ಶಾಸನದ ವಿಷಯ ತೆಗೆದರು. ಕೃಷ್ಣಗಿರಿಯ ದಕ್ಷಿಣಕ್ಕಿರುವ ಧರ್ಮಪುರಿಯ ಹಳೆಯ ಹೆಸರು ತಗಡೂರು. ನೊಳಂಬರ ಮಹೇಂದ್ರನ ಕಾಲದಲ್ಲಿ, ಶಕ 815ರಲ್ಲಿ, ಎಂದರೆ ಕ್ರಿ.ಶ. 893ರಲ್ಲಿ, ನಿಧಿಯಣ್ಣ ಮತ್ತು ಚಂಡಿಯಣ್ಣ ಎಂಬ ವರ್ತಕ ಸಹೋದರರು ಅಲ್ಲಿ ಬಸದಿಯೊಂದನ್ನು ಕಟ್ಟಿಸಿದರು. ಅರಸನಿಂದ ಬಂದ ಹಳ್ಳಿಯನ್ನು ನಿಧಿಯಣ್ಣ ಆ ಬಸದಿಗಾಗಿ ಕನಕಸೇನ ಸಿದ್ಧಾಂತ ಭಟಾರರಿಗೆ ದಾನವಾಗಿ ಕೊಟ್ಟ. ಇದೆಲ್ಲ ಕನ್ನಡದಲ್ಲೇ ಕಲ್ಲಿನ ಮೇಲೆ ಬರೆದಿದೆ. ಸಾವಿರದ ನೂರು ವರ್ಷಗಳ ಮೇಲೂ ಆ ಅಣ್ಣತಮ್ಮಂದಿರ ಹೆಸರು ನಮ್ಮ ಬಾಯಲ್ಲಿ ಬರುವುದು ಕಲ್ಲಿನ ಬರಹ ಉಳಿದದ್ದರಿಂದ.

ಆ ರಾತ್ರಿ ನಮಗೆ ಕಟ್ಟೆಯದೇ ಯೋಚನೆ. ಕಲ್ಲು ಹೊತ್ತು ತಂದು, ಎರಡು ಸಸಿ ನೆಟ್ಟು, ಬೇಸಿಗೆಯಲ್ಲಿ ಕೊಡದಲ್ಲಿ ನೀರು ಹೊತ್ತು ಹಾಕಿದವರು ಯಾರೋ ಇದ್ದಿರಲೇಬೇಕು. ತಮ್ಮ ಕಾಲದಲ್ಲಿ ಅದು ದೊಡ್ಡ ನೆರಳು ಕೊಡುವುದಿಲ್ಲವೆಂದು ತಿಳಿದೇ ನೆಟ್ಟಿರಬೇಕು. ಅವರು ಹೆಸರು ಬರೆಸಲಿಲ್ಲ. ಬರೆಸಬೇಕೆಂದು ಅವರಿಗೆ ತೋಚಿಯೇ ಇರಲಾರದು. ದಾನದಲ್ಲಿ ಹೆಸರು ಬಯಸದಿರುವುದು ದೊಡ್ಡ ಗುಣವೆಂದು ನಾವು ಮಕ್ಕಳಿಗೆ ಹೇಳಿಕೊಡುತ್ತೇವೆ. ಆದರೆ ಅದೇ ಗುಣದಿಂದಾಗಿ ಇಂದು ಆ ಕಟ್ಟೆಯ ಪರವಾಗಿ ತೋರಿಸಲು ಒಂದು ತುಂಡು ಕಾಗದವಿಲ್ಲ. ಹೆಸರು ಬೇಡವೆಂದವರ ದಾನವನ್ನು ಕಾಯುವ ಹೊಣೆ ಅದರ ನೆರಳಿನಲ್ಲಿ ಕೂತವರ ಮೇಲೆ ಬೀಳುತ್ತದೆ.

ಓದುಗ ಬಂಧುಗಳಲ್ಲಿ ಒಂದು ವಿನಂತಿ. ನಿಮ್ಮ ಮನೆಯ ಅಟ್ಟದ ಮೇಲೆ, ಪೆಟ್ಟಿಗೆಯೊಳಗೆ ಹಳೆಯ ಫೋಟೋಗಳಿರಬಹುದು. ಶಾಲೆಯದೋ, ಮದುವೆ ದಿಬ್ಬಣದ್ದೋ, ಜಾತ್ರೆಯದೋ ಆಗಿರಬಹುದು. ಅವುಗಳಲ್ಲಿ ನಿಮ್ಮ ಊರಿನ ಕಟ್ಟೆ, ತೋಪು, ಕಲ್ಯಾಣಿ ಕಂಡರೆ, ಹಿರಿಯರು ಬದುಕಿರುವಾಗಲೇ ಕೇಳಿ, ಊರು ಮತ್ತು ವರ್ಷವನ್ನು ಫೋಟೋದ ಹಿಂದೆ ಪೆನ್ಸಿಲಿನಲ್ಲಿ ಬರೆದಿಡಿ. ಖರ್ಚಿಲ್ಲದ ಕೆಲಸ. ಎಂದಾದರೊಂದು ದಿನ ಅದು ಊರಿನ ಕೆಲಸಕ್ಕೆ ಬರಬಹುದು.

ನಾವು ಬಂದ ಮೇಲೆ ಆ ಊರಿನಲ್ಲಿ ಇನ್ನೊಮ್ಮೆ ಅಳತೆಯಾಗಿದೆಯಂತೆ. ಅರ್ಜಿ ಇನ್ನೂ ಇತ್ಯರ್ಥವಾಗಿಲ್ಲ. ಅಂಗಡಿಯ ಮಗ ಇನ್ನೂ ಒಪ್ಪಿಲ್ಲ, ಆದರೆ ವಿಚಾರಣೆಯ ದಿನ ಅಪ್ಪನನ್ನು ಬೈಕಿನ ಮೇಲೆ ಕೂರಿಸಿಕೊಂಡು ಹೋದವನು ಅವನೇ. ಫೋಟೋ ನಮ್ಮ ಕೈಗೆ ಇನ್ನೂ ಬಂದಿಲ್ಲ. ತಂದೆಯವರು ಪ್ರತಿ ಭಾನುವಾರ ಬೆಳಗ್ಗೆ ನಮ್ಮಿಂದ ಫೋನು ಹಚ್ಚಿಸಿ, "ಹೇಗಿದ್ದೀಯಪ್ಪಾ?" ಎಂದು ಕೇಳುತ್ತಾರೆ. ಆ ಕಡೆಯಿಂದ ಬರುವ ಉತ್ತರ ನಮಗೂ ಕೇಳಿಸುತ್ತದೆ: "ಮರ ಇದೆ ಮೇಷ್ಟ್ರೇ."